ಪ್ರಶಸ್ತಿ ಬಂದದ್ದು ಹೆಣ್ಣಿಗೋ, ಹೆಣ್ಣು ಪಾರ್ಟಿಗೋ?

ಕನ್ನಡಕ್ಕೆ ಬಂದಾಗ ಆ ಪುಸ್ತಕಕ್ಕೆ ಇಟ್ಟ ಹೆಸರು ‘ನಾನು ಅವನಲ್ಲ... ಅವಳು’. ಇದಕ್ಕಿಂತ ಬಿಡಿಸಿ ಹೇಳೋಕೆ ಸಾಧ್ಯವೇ ಇಲ್ಲ. ಅಷ್ಟಾದರೂ ಅದರ ಮೇಲೆ ಸಿನಿಮಾ ಬಂದಾಗ, ಅದಕ್ಕೆ ರಾಷ್ಟ್ರಪ್ರಶಸ್ತಿ ಸಿಕ್ಕಾಗ ನಾವೆಲ್ಲ ಸೇರಿ ಹೇಳಿದ್ದೇನು? ‘ಅಬ್ಬಾ, ಒಬ್ಬ ಗಂಡಸು ಎಷ್ಟು ಚೆನ್ನಾಗಿ ಹೆಣ್ಣಾಗಿದ್ದಾನೆ!’ ಪುಸ್ತಕದ ರಕ್ಷಾಪುಟವನ್ನಾದರೂ ಓದಿದವರು ಆಡುವ ಮಾತಾ ಇದು?

ಈ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು. ಬರೆದರೆ ಯಾರಾದರೂ ಸಿಟ್ಟಾಗ್ತಾರೆ ಅಂತ ಗೊತ್ತಿದ್ದೂ ಬರೀತಿದೀನಿ. ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನನ್ನ ಜಗಳ ಸಂಚಾರಿ ವಿಜಯ್ ಜೊತೆ ಅಲ್ಲ. ಅಂಥ ನಟ ಕನ್ನಡಕ್ಕೆ ಸಿಕ್ಕಿದ್ದು ನಮ್ಮ ಪುಣ್ಯ. 2021ರ ಜೂನಿನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಅವರ ಅಂಗಾಂಗಗಳನ್ನೂ ದಾನ ಮಾಡಿದರು. ಅಂಥವರ ಮೇಲೆ ಏನು ಜಗಳ? ನಿರ್ದೇಶಕ ಬಿ.ಎಸ್. ಲಿಂಗದೇವರು ಅವರ ಜೊತೆಯೂ ಅಲ್ಲ. ಯಾರೂ ಕೈಹಾಕದ ಪುಸ್ತಕಕ್ಕೆ ಅವರು ಕೈಹಾಕಿದರು. ನನ್ನ ಜಗಳ ಇರೋದು ಬಹುಮಾನ ಕೊಟ್ಟವರ ಜೊತೆ, ವಿಮರ್ಶೆ ಬರೆದವರ ಜೊತೆ, ಆ ವಿಮರ್ಶೆಯನ್ನೇ ಎರಡು ಸಾಲು ಬದಲಿಸಿ ಹಂಚಿಕೊಂಡ ನಮ್ಮಂಥ ಓದುಗರ ಜೊತೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಲಿವಿಂಗ್ ಸ್ಮೈಲ್ ವಿದ್ಯಾ ತಮಿಳುನಾಡಿನ ತಿರುಚ್ಚಿ ಕಡೆಯವರು. ಬಡ ಮನೆ. ಮನೆಯವರು ಇಟ್ಟ ಹೆಸರು ಶರವಣನ್. ಭಾಷಾಶಾಸ್ತ್ರದಲ್ಲಿ ಎಂ.ಎ. ತನಕ ಓದಿದರು. ಆಮೇಲೆ ಮನೆ ಬಿಟ್ಟು ಪುಣೆಗೆ ಹೋದರು, ರೈಲಿನಲ್ಲಿ ಕೈಚಾಚಿದರು, ಆಂಧ್ರಕ್ಕೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ವಾಪಸ್ ಬಂದು ಮಧುರೈನಲ್ಲಿ ನೌಕರಿ ಹಿಡಿದರು. ಕಾಗದಪತ್ರಗಳಲ್ಲಿ ತಮ್ಮ ಹೆಸರು ತಮ್ಮದಾಗಲಿ ಅಂತ ಕಚೇರಿಗಳಿಗೆ ಅಲೆದರು. ಇದನ್ನೆಲ್ಲ ‘ನಾನ್ ವಿದ್ಯಾ’ ಅಂತ ತಮಿಳಿನಲ್ಲಿ 2007ರಲ್ಲಿ ಪುಸ್ತಕ ಮಾಡಿದರು. ಕನ್ನಡಕ್ಕೆ ತಂದವರು ತಮಿಳ್ ಸೆಲ್ವಿ. ಅದನ್ನೇ ಆಧರಿಸಿ ಲಿಂಗದೇವರು ಚಿತ್ರ ಮಾಡಿದರು. 62ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ, ಅಂದರೆ 2014ರ ಚಿತ್ರಗಳಿಗೆ 2015ರ ಮಾರ್ಚಿನಲ್ಲಿ ಘೋಷಣೆಯಾದದ್ದರಲ್ಲಿ, ಈ ಚಿತ್ರಕ್ಕೆ ಎರಡು ಪ್ರಶಸ್ತಿ ಬಂತು. ಚಿತ್ರ ಥಿಯೇಟರಿಗೆ ಬಂದದ್ದು ಆಮೇಲೆ, 2015ರ ಸೆಪ್ಟೆಂಬರ್ 25ಕ್ಕೆ.

ಆ ಎರಡು ಪ್ರಶಸ್ತಿ ಯಾವುವು ಅಂತ ನೋಡಿ. ಅತ್ಯುತ್ತಮ ನಟ, ಸಂಚಾರಿ ವಿಜಯ್. ಅತ್ಯುತ್ತಮ ಮೇಕಪ್, ನಾಗರಾಜು ಮತ್ತು ರಾಜು. ಮುಗೀತು.

ಒಂದು ಮುಖಕ್ಕೆ, ಇನ್ನೊಂದು ಆ ಮುಖಕ್ಕೆ ಹಚ್ಚಿದ ಬಣ್ಣಕ್ಕೆ. ಆ ಮುಖ ಹೇಳಿದ ಕಥೆಗೆ ಏನೂ ಇಲ್ಲ.

*

ನಮ್ಮ ಬನಹಟ್ಟಿ ಕಡೆ ಶ್ರೀಕೃಷ್ಣ ಪಾರಿಜಾತ ಅಂದ್ರೆ ಮಂದಿಗೆ ಜೀವ. ಒಂದು ಕಾಲಕ್ಕೆ ಸತ್ಯಭಾಮೆ, ರುಕ್ಮಿಣಿ, ಕೊರವಂಜಿ ಎಲ್ಲಾ ಗಂಡಸರೇ ಮಾಡ್ತಿದ್ದರು. ಕೌಜಲಗಿ ನಿಂಗಮ್ಮನಂಥವರು ಬಂದು ಆ ಆಟದ ಚಹರೆಯನ್ನೇ ಬದಲಿಸಿದರು, ಅದು ಬೇರೆ ಮಾತು. ಗಂಡಸರು ಹೆಣ್ಣಿನ ಪಾತ್ರ ಮಾಡೋದಕ್ಕೆ ನಮ್ಮಲ್ಲಿ ‘ಹೆಣ್ಣು ಪಾರ್ಟು’ ಅಂತಾರೆ. ಹೆಣ್ಣು ಪಾರ್ಟು ಚಂದ ಮಾಡುವವರಿಗೆ ಊರಿನಲ್ಲಿ ದೊಡ್ಡ ಮರ್ಯಾದೆ. ‘ಏನ್ ಕುಣದಾನೋ ಮಾರಾಯಾ, ಖರೇ ಹೆಣ್ಮಗಳ ಅನ್ನಬೇಕು’ ಅಂತ ಬೆಳಗಾದ ಮೇಲೆ ಚಹಾದಂಗಡಿಯಲ್ಲಿ ಮಾತು. ಅದು ಆ ಕಲೆಗೆ ಸಲ್ಲುವ ಮಾತೇ. ಅಲ್ಲಿ ಎಲ್ಲರಿಗೂ ಗೊತ್ತಿರುತ್ತೆ: ಸೀರೆಯ ಒಳಗಿರೋದು ಗಂಡಸು, ಬೆಳಿಗ್ಗೆ ಧೋತರ ಉಟ್ಟು ಮಗ್ಗಕ್ಕೆ ಕೂರುವವನು.

ಈ ಚಿತ್ರಕ್ಕೆ ನಾವು ಕೊಟ್ಟ ಹೊಗಳಿಕೆಯೂ ಅದೇ ನೋಡಿ. ಅದೇ ಚಹಾದಂಗಡಿಯ ಮಾತು, ಸ್ವಲ್ಪ ಇಸ್ತ್ರಿ ಮಾಡಿ ಪೇಪರಿನಲ್ಲಿ ಹಾಕಿದ್ದು. ನಡಿಗೆ ಹೇಗಿತ್ತು, ಕೈ ಹೇಗೆ ತಿರುಗಿಸಿದರು, ಸೀರೆ ಎಷ್ಟು ಒಪ್ಪಿತ್ತು, ಪಾತ್ರಕ್ಕಾಗಿ ಎಷ್ಟು ತಯಾರಿ ಮಾಡಿಕೊಂಡರು. ಚಿತ್ರದಲ್ಲಿ ವಿದ್ಯಾ ಅನ್ನುವವಳು ಏನು ಕೇಳುತ್ತಿದ್ದಾಳೆ ಅನ್ನೋದರ ಬಗ್ಗೆ ಕೊನೆಗೆ ಒಂದು ಪ್ಯಾರಾ, ಅದರಲ್ಲೂ ‘ಸಮಾಜದ ಕಣ್ಣು ತೆರೆಸುವ’ ಅನ್ನುವ ರೆಡಿಮೇಡ್ ವಾಕ್ಯ.

ನನ್ನ ಕಾಕಾ ಒಬ್ಬರು ವಯಸ್ಸಿನಲ್ಲಿದ್ದಾಗ ಪಾರಿಜಾತದಲ್ಲಿ ಹೆಣ್ಣು ಪಾರ್ಟು ಮಾಡಿದವರು. ಅವರ ಹತ್ತಿರ ಈ ಮಾತು ತೆಗೆದೆ. ಅವರು ಆ ಸಿನಿಮಾ ನೋಡಿಲ್ಲ, ಪುಸ್ತಕವನ್ನೂ ಓದಿಲ್ಲ. ನಾನು ಕಥೆ ಹೇಳಿದ್ದಷ್ಟೇ. ಕೇಳಿ ಅಂದರು, ‘ನನಗ ಮುಂಜಾನಿ ಬಣ್ಣ ತೊಕ್ಕೊಂಡ್ರ ಮುಗೀತು, ನಾ ಮತ್ತ ಗಂಡಸ. ಆಕಿಗೆ ತೊಳ್ಯಾಕ ಬಣ್ಣಾನ ಇಲ್ಲಲ್ಲೋ.’

ರಾಷ್ಟ್ರಪ್ರಶಸ್ತಿ ಜ್ಯೂರಿಗೆ ಹೊಳೆಯದ್ದು ಈ ಮುದುಕನಿಗೆ ಎರಡು ನಿಮಿಷದಲ್ಲಿ ಹೊಳೀತು. ವಿದ್ಯಾ ಪುಸ್ತಕದುದ್ದಕ್ಕೂ ಹೇಳೋದು ಇದನ್ನೇ: ನಾನು ಹೆಣ್ಣು ಪಾರ್ಟು ಮಾಡ್ತಿಲ್ಲ, ನಾನು ಹೆಣ್ಣು, ಇಷ್ಟು ವರ್ಷ ನೀವು ನನ್ನ ಕೈಲಿ ಮಾಡಿಸಿದ್ದು ಗಂಡು ಪಾರ್ಟು. ಅಂಥ ಪುಸ್ತಕದ ಸಿನಿಮಾಕ್ಕೆ ‘ಹೆಣ್ಣು ಪಾರ್ಟು ಭಾಳ ಚಂದ ಇತ್ತು’ ಅಂತ ಪದಕ ಕೊಟ್ಟರೆ, ಅದು ಪುಸ್ತಕಕ್ಕೆ ಕೊಟ್ಟ ಪದಕವೋ ಅಥವಾ ಪುಸ್ತಕದ ಬಾಯಿಗೆ ಹಾಕಿದ ಬಟ್ಟೆಯೋ?

*

‘ಅಯ್ಯೋ, ಅತ್ಯುತ್ತಮ ನಟ ಅಂತ ಕೊಟ್ಟಿದ್ದಾರಲ್ಲಾ, ಮತ್ತೇನು ಬೇಕು ನಿಮಗೆ’ ಅಂತ ಕೇಳಬಹುದು. ಅದಕ್ಕೇ ಹಳೆಯ ಲೆಕ್ಕ ತೆಗೆದು ನೋಡಿದೆ.

ಕನ್ನಡ ಚಿತ್ರದ ಅಭಿನಯಕ್ಕೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಈವರೆಗೆ ನಾಲ್ಕು ಸಲ ಬಂದಿದೆ. 1975ರ ‘ಚೋಮನ ದುಡಿ’ಗೆ ಎಂ.ವಿ. ವಾಸುದೇವರಾವ್. 1986ರ ‘ತಬರನ ಕಥೆ’ಗೆ ಚಾರುಹಾಸನ್. 2014ಕ್ಕೆ ವಿಜಯ್. 2022ರ ‘ಕಾಂತಾರ’ಕ್ಕೆ ರಿಷಬ್ ಶೆಟ್ಟಿ.

ಈಗ ನಟನ ಜೊತೆ ಚಿತ್ರಕ್ಕೆ ಏನು ಬಂತು ನೋಡಿ. ‘ಚೋಮನ ದುಡಿ’ಗೆ ಸ್ವರ್ಣಕಮಲ, ಅಂದರೆ ಆ ವರ್ಷದ ಅತ್ಯುತ್ತಮ ಚಿತ್ರ. ಜೊತೆಗೆ ಅತ್ಯುತ್ತಮ ಕಥೆ ಅಂತ ಶಿವರಾಮ ಕಾರಂತರಿಗೂ ಪ್ರಶಸ್ತಿ. ‘ತಬರನ ಕಥೆ’ಗೂ ಸ್ವರ್ಣಕಮಲ. ‘ಕಾಂತಾರ’ಕ್ಕೆ ಅತ್ಯುತ್ತಮ ಜನಪ್ರಿಯ ಚಿತ್ರ. ನಾಲ್ಕರಲ್ಲಿ ಮೂರು ಸಲ ನಟನೂ ಕಂಡ, ಚಿತ್ರವೂ ಕಂಡಿತು. ನಟ ಮಾತ್ರ ಕಂಡು ಚಿತ್ರ ಕಾಣದೇ ಹೋದದ್ದು ಒಂದೇ ಒಂದು ಸಲ. ಅದು ಈ ಸಲ.

ಚೋಮನನ್ನು ನೋಡಿದವರು ವಾಸುದೇವರಾವ್ ಹೇಗೆ ಚೋಮನಾದರು ಅನ್ನೋದರ ಜೊತೆಗೆ ಚೋಮನಿಗೆ ಯಾಕೆ ಭೂಮಿ ಸಿಗಲಿಲ್ಲ ಅಂತಾನೂ ಮಾತಾಡಿದರು. ತಬರನನ್ನು ನೋಡಿದವರು ಪಿಂಚಣಿ ಯಾಕೆ ಬರಲಿಲ್ಲ ಅಂತ ಮಾತಾಡಿದರು. ವಿದ್ಯಾಳನ್ನು ನೋಡಿದವರು ಮಾತಾಡಿದ್ದು ಮೇಕಪ್ಪಿನ ಬಗ್ಗೆ.

ನ್ಯಾಯವಾಗಿ ಹೇಳಬೇಕು ಅಂದ್ರೆ, 2014ರ ಸ್ವರ್ಣಕಮಲ ಹೋದದ್ದು ಚೈತನ್ಯ ತಮ್ಹಾಣೆಯ ‘ಕೋರ್ಟ್’ ಚಿತ್ರಕ್ಕೆ. ಅದಕ್ಕಿಂತ ಇದು ದೊಡ್ಡ ಚಿತ್ರ ಅಂತ ನಾನು ಹೇಳಲ್ಲ, ಹೇಳಿದರೆ ನೀವು ನಗ್ತೀರಿ. ‘ಇತರ ಸಾಮಾಜಿಕ ಸಮಸ್ಯೆ’ಗಳ ವಿಭಾಗದ ಪ್ರಶಸ್ತಿ ಕೌಶಿಕ್ ಗಂಗೂಲಿಯ ಬಂಗಾಳಿ ಚಿತ್ರ ‘ಛೋಟೋದೇರ್ ಛೋಬಿ’ಗೆ ಹೋಯಿತು. ಅಳವಡಿಸಿದ ಚಿತ್ರಕಥೆಯ ಪ್ರಶಸ್ತಿ ಚೆಕಾಫನ ಕಥೆಯಿಂದ ಮಾಡಿದ ಮಲಯಾಳಂನ ‘ಒಟ್ಟಾಲ್’ಗಾಗಿ ಜೋಷಿ ಮಂಗಲತ್ತ್ ಅವರಿಗೆ ಹೋಯಿತು. ಅತ್ಯುತ್ತಮ ಕನ್ನಡ ಚಿತ್ರ ಮಂಸೋರೆಯ ‘ಹರಿವು’. ಒಂದೊಂದನ್ನೇ ತೆಗೆದುಕೊಂಡರೆ ಯಾವುದನ್ನೂ ತಪ್ಪು ಅನ್ನೋಕಾಗಲ್ಲ. ಆದರೆ ಎಲ್ಲಾ ಹಂಚಿ ಮುಗಿದ ಮೇಲೆ ಒಬ್ಬ ಹೆಣ್ಣುಮಗಳ ಆತ್ಮಕಥೆಯ ಪಾಲಿಗೆ ಉಳಿದದ್ದು ಬಣ್ಣದ ಡಬ್ಬಿ.

‘ಹರಿವು’ ಅಂದೆನಲ್ಲ, ಅದರಲ್ಲೊಂದು ತಮಾಷೆ ಇದೆ. ಅದರ ನಾಯಕನೂ ಇದೇ ವಿಜಯ್. ಅದೇ ವರ್ಷ. ತೀರಿಕೊಂಡ ಮಗನ ಹೆಣವನ್ನು ಟ್ರಂಕಿನಲ್ಲಿಟ್ಟುಕೊಂಡು ಊರಿಗೆ ಹೊರಟ ತಂದೆಯ ಪಾತ್ರ. ನಿಜವಾಗಿ ನಡೆದ ಘಟನೆಯ ಮೇಲೆ ಮಾಡಿದ್ದು. ಆ ಚಿತ್ರದ ಬಗ್ಗೆ ಬರೆಯುವಾಗ ‘ರಂಗಭೂಮಿಯ ಹುಡುಗನೊಬ್ಬ ಎಷ್ಟು ಚೆನ್ನಾಗಿ ಬಡ ರೈತನಾಗಿದ್ದಾನೆ, ಪಂಚೆ ಎಷ್ಟು ಒಪ್ಪಿದೆ’ ಅಂತ ಬರೆಯೋಕೆ ಯಾರಿಗೂ ಮನಸ್ಸಾಗಲಿಲ್ಲ. ಎಲ್ಲರೂ ಆ ತಂದೆಯ ಬಗ್ಗೆ, ಆಸ್ಪತ್ರೆಯ ಬಗ್ಗೆ, ಬಡತನದ ಬಗ್ಗೆ ಬರೆದರು. ಒಬ್ಬನೇ ನಟ, ಒಂದೇ ವರ್ಷದ ಎರಡು ಚಿತ್ರ. ಒಂದರಲ್ಲಿ ನಮಗೆ ಮನುಷ್ಯ ಕಂಡ, ಇನ್ನೊಂದರಲ್ಲಿ ಸೀರೆ ಕಂಡಿತು. ಹಾಗಾದರೆ ದೋಷ ಎಲ್ಲಿದೆ, ನಟನಲ್ಲೋ ನೋಡಿದವರ ಕಣ್ಣಿನಲ್ಲೋ?

*

ಇದೊಂದೇ ಚಿತ್ರದ ಮಾತಾಗಿದ್ದರೆ ಬಿಟ್ಟುಬಿಡ್ತಿದ್ದೆ. ಆದರೆ ಇದು ಚಾಳಿಯೇ ಆಗಿಹೋಗಿದೆ.

2008ರ ಪ್ರಶಸ್ತಿಗಳಲ್ಲಿ ಮರಾಠಿಯ ‘ಜೋಗವಾ’ ಚಿತ್ರಕ್ಕೆ ಉಪೇಂದ್ರ ಲಿಮಯೆ ಅತ್ಯುತ್ತಮ ನಟ. ಅದು ನಮ್ಮ ಯಲ್ಲಮ್ಮನ ಜೋಗತಿ-ಜೋಗಪ್ಪಗಳದೇ ಕಥೆ, ಗಡಿಯಾಚೆಯದು. 2014ಕ್ಕೆ ವಿಜಯ್. 2017ಕ್ಕೆ ಬಂಗಾಳಿಯ ‘ನಗರಕೀರ್ತನ್’ ಚಿತ್ರದಲ್ಲಿ ಟ್ರಾನ್ಸ್ ಮಹಿಳೆಯ ಪಾತ್ರ ಮಾಡಿದ ರಿದ್ಧಿ ಸೇನ್. ಅಲ್ಲಿಯೂ ನಟನ ಹಿಂದೆಯೇ ಮೇಕಪ್ಪಿಗೂ ಪ್ರಶಸ್ತಿ, ಈ ಸಲ ಉಡುಪಿಗೂ ಸೇರಿಸಿ! 2019ಕ್ಕೆ ತಮಿಳಿನ ‘ಸೂಪರ್ ಡಿಲಕ್ಸ್’ನಲ್ಲಿ ಅಂಥದೇ ಪಾತ್ರಕ್ಕೆ ವಿಜಯ್ ಸೇತುಪತಿ ಅತ್ಯುತ್ತಮ ಪೋಷಕ ನಟ. ಕೇರಳದಲ್ಲಿ 2018ರ ‘ಞಾನ್ ಮೇರಿಕುಟ್ಟಿ’ಗೆ ಜಯಸೂರ್ಯ ರಾಜ್ಯದ ಅತ್ಯುತ್ತಮ ನಟ. ಎಲ್ಲರೂ ಒಳ್ಳೆಯ ನಟರು, ಅದರಲ್ಲಿ ಮಾತಿಲ್ಲ. ಆದರೆ ಸಾಲಾಗಿ ನಿಲ್ಲಿಸಿ ನೋಡಿದರೆ ಒಂದು ಪಾಠ ಕಾಣುತ್ತೆ: ಪ್ರಶಸ್ತಿ ಬೇಕಾ, ಸೀರೆ ಉಡು. ಉಡುವವನು ಗಂಡಸೇ ಆಗಿರಬೇಕು ಅನ್ನೋದಷ್ಟೇ ಷರತ್ತು.

‘ಜೋಗವಾ’ದ ತಾಯಪ್ಪನಿಗೂ ನಮ್ಮ ವಿದ್ಯಾಳಿಗೂ ಇರುವ ಫರಕು ಗಮನಿಸಿ. ತಾಯಪ್ಪ ಗಂಡಸು. ದೇವರ ಹೆಸರು ಹೇಳಿ ಬಲವಂತವಾಗಿ ಅವನಿಗೆ ಸೀರೆ ಉಡಿಸ್ತಾರೆ. ಅವನು ಸೀರೆ ಬೇಡ ಅಂತ ಒದ್ದಾಡುವವನು. ವಿದ್ಯಾ ಪ್ಯಾಂಟು ಬೇಡ ಅಂತ ಒದ್ದಾಡಿದವಳು. ಇಬ್ಬರ ಕಥೆಯೂ ಒಂದಕ್ಕೊಂದು ಪೂರಾ ಉಲ್ಟಾ. ‘ಗಂಡಸು ಸೀರೆಯಲ್ಲಿ’ ಅನ್ನುವ ಮಾತು ತಾಯಪ್ಪನಿಗೆ ಒಪ್ಪುತ್ತೆ, ಅವನ ಸಂಕಟವೇ ಅದು. ಆದರೆ ವಿದ್ಯಾಳಿಗೂ ನಾವು ಅದನ್ನೇ ಅಂದೆವು. ಉಲ್ಟಾ ಇರುವ ಎರಡು ಕಥೆಗಳಿಗೆ ಒಂದೇ ಹೊಗಳಿಕೆ ಹೊಂದುತ್ತೆ ಅಂದ್ರೆ, ಎರಡರಲ್ಲಿ ಒಂದನ್ನು ನಾವು ಕೇಳಿಸಿಕೊಂಡೇ ಇಲ್ಲ ಅಂತ ತಾನೇ?

ಇನ್ನು ವಿಮರ್ಶೆ. ತಮಿಳುನಾಡಿನ ಶರವಣನ್ ಕನ್ನಡದ ಚಿತ್ರದಲ್ಲಿ ಮಾದೇಶ ಆಗಿದ್ದಾನೆ. ಹೆಸರು ಕೇಳಿದರೇ ಗೊತ್ತಾಗುತ್ತೆ, ಮಾದಪ್ಪನ ಬೆಟ್ಟದ ಸೀಮೆ ಕಡೆಯ ಹೆಸರು. ಹೀಗೆ ಊರು ಬದಲಾದಾಗ ಕಥೆ ಏನಾಯ್ತು ಅಂತ ಕೇಳೋದು ವಿಮರ್ಶಕನ ಮೊದಲ ಕೆಲಸ ಅಲ್ಲವಾ? ಅದೇ ಹುಡುಗ ನಮ್ಮ ಜಮಖಂಡಿ-ಮುಧೋಳ ಸೀಮೆಯಲ್ಲಿ ಹುಟ್ಟಿದ್ದರೆ ಅವನ ಹಾದಿ ಬೇರೆ ಇರ್ತಿತ್ತು. ಮನೆಯವರು ಮೊದಲು ಡಾಕ್ಟರ ಹತ್ತಿರ ಅಲ್ಲ, ಸವದತ್ತಿಗೆ ಕರಕೊಂಡು ಹೋಗ್ತಿದ್ದರು. ಮುತ್ತು ಕಟ್ಟಿಸಿ ಜೋಗಪ್ಪ ಮಾಡ್ತಿದ್ದರು. ಆಮೇಲೆ ಮಂಗಳವಾರ ಶುಕ್ರವಾರ ತಲೆ ಮೇಲೆ ಜಗ ಹೊತ್ತು, ಚೌಡಿಕೆ ಬಾರಿಸುತ್ತಾ ಮನೆ ಮುಂದೆ ಬಂದರೆ ನಾವೇ ಕೈಮುಗಿದು ಪಡ್ಡಲಗಿಗೆ ಜೋಳ ಹಾಕ್ತೀವಿ, ಉಧೋ ಉಧೋ ಅಂತೀವಿ. ಅದೇ ಜೋಗಪ್ಪ ಬಾಡಿಗೆಗೆ ಒಂದು ಖೋಲಿ ಕೇಳಿದರೆ? ಕೊಡುವವರು ಎಷ್ಟು ಮಂದಿ ಇದ್ದೀರಿ, ಕೈ ಎತ್ತಿ ನೋಡೋಣ.

ನನಗೆ ವಿದ್ಯಾಳ ಪುಸ್ತಕ ಮುಖ್ಯ ಅನ್ನಿಸೋದು ಇದಕ್ಕೇ. ಆಕೆ ಕೇಳೋದು ಕೈಮುಗಿಯಿರಿ ಅಂತಲ್ಲ, ಅಯ್ಯೋ ಪಾಪ ಅನ್ನಿ ಅಂತಲೂ ಅಲ್ಲ. ನೌಕರಿ, ಬಾಡಿಗೆ ಮನೆ, ಕಾಗದದ ಮೇಲೆ ತನ್ನ ಹೆಸರು. ತೀರಾ ಸಾದಾ ಬೇಡಿಕೆಗಳು. ಈ ಬೇಡಿಕೆ ಚಿತ್ರದಲ್ಲಿ ಎಷ್ಟು ಉಳಿಯಿತು, ಎಷ್ಟು ಕಣ್ಣೀರಿನಲ್ಲಿ ಕರಗಿತು ಅಂತ ತೂಗಿ ನೋಡಿದ ವಿಮರ್ಶೆ ನನ್ನ ಕಣ್ಣಿಗೆ ಬೀಳಲಿಲ್ಲ. ಚಿತ್ರ ನೋಡಿ ಅತ್ತೆ ಅಂದವರು ಬಹಳ. ಅಳೋದು ಸುಲಭ, ಅದಕ್ಕೆ ಅಡ್ವಾನ್ಸ್ ಬಾಡಿಗೆ ಇಲ್ಲ :-)

ಬೇರೆ ಆತ್ಮಕಥೆ ಸಿನಿಮಾ ಆದಾಗ ನಾವು ಹೀಗಿರಲಿಲ್ಲ ಅನ್ನೋದನ್ನೂ ನೆನಪು ಮಾಡ್ತೀನಿ. 2007ರಲ್ಲಿ ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಆಧರಿಸಿ ಕೆ.ಎಂ. ಚೈತನ್ಯ ‘ಆ ದಿನಗಳು’ ಮಾಡಿದರು. ಚಿತ್ರಕಥೆಯಲ್ಲಿ ಗಿರೀಶ ಕಾರ್ನಾಡರ ಜೊತೆ ಶ್ರೀಧರ್ ಹೆಸರೂ ಇತ್ತು. ಆಗ ನಾವು ಮಾತಾಡಿದ್ದು ಏನು? ಬರೆದವರು ಹೇಳಿದ್ದು ಎಷ್ಟು ನಿಜ, ಎಷ್ಟು ಬಿಟ್ಟರು, ಪುಸ್ತಕದಲ್ಲಿದ್ದದ್ದು ಪರದೆ ಮೇಲೆ ಯಾಕೆ ಬರಲಿಲ್ಲ, ತಮ್ಮನ್ನು ತಾವು ಹೇಗೆ ತೋರಿಸಿಕೊಂಡರು... ಪುಸ್ತಕ ಬರೆದವರು ಚರ್ಚೆಯ ಮಧ್ಯದಲ್ಲೇ ಇದ್ದರು. ಹೊಗಳಿಯೋ ಬೈದೋ, ಮಾತಾಡಿದ್ದು ಅವರ ಬಗ್ಗೆ. ಭೂಗತ ಲೋಕದಿಂದ ಬಂದ ಗಂಡಸು ಬರೆದರೆ ಅದರ ಸತ್ಯಾಸತ್ಯ ತೂಗ್ತೀವಿ. ರೈಲಿನಲ್ಲಿ ಕೈಚಾಚಿದ ಹೆಣ್ಣು ಬರೆದರೆ ಅವಳ ಪಾತ್ರ ಮಾಡಿದವನ ಹುಬ್ಬು ನೋಡ್ತೀವಿ. ಯಾಕೆ ಹೀಗೆ?

*

ಈಗ ನೀವು ಹೇಳಬಹುದಾದ ಮಾತುಗಳಿಗೆ ಬರ್ತೀನಿ.

‘ನಟನೆ ಅಂದರೇ ಬೇರೆಯವರಾಗೋದು. ಕಳ್ಳನ ಪಾತ್ರಕ್ಕೆ ಕಳ್ಳನನ್ನೇ ತರೋಕಾಗುತ್ತಾ?’ ಈ ಮಾತನ್ನು ಬಹಳ ಮಂದಿ ಹೇಳ್ತಾರೆ. ಒಪ್ಪಿದೆ. ವಿಜಯ್ ಆ ಪಾತ್ರ ಮಾಡಬಾರದಿತ್ತು ಅಂತ ನಾನು ಎಲ್ಲೂ ಹೇಳಿಲ್ಲ. ಆದರೆ ಕಳ್ಳನ ಹೋಲಿಕೆ ತರಬೇಡಿ. ವಿದ್ಯಾ ಸ್ವತಃ ರಂಗಭೂಮಿ ನಟಿ. ತಮ್ಮಂಥವರನ್ನು ಕಟ್ಟಿಕೊಂಡು ಚೆನ್ನೈನಲ್ಲಿ ‘ಪನ್ಮೈ’ ಅನ್ನುವ ನಾಟಕ ತಂಡವನ್ನೂ ಮಾಡಿದವರು. ಅಂದರೆ ಅಭಿನಯ ಗೊತ್ತಿರುವ ಟ್ರಾನ್ಸ್ ಮಹಿಳೆಯರು ಸಿಗಲ್ಲ ಅನ್ನೋದು ಸುಳ್ಳು. ನಟನೆ ಎಲ್ಲರೂ ಎಲ್ಲರಾಗುವ ಕಲೆಯಾದರೆ, ಟ್ರಾನ್ಸ್ ನಟಿಗೆ ಟೀಚರ್ ಪಾತ್ರ, ಡಾಕ್ಟರ್ ಪಾತ್ರ, ನಾಯಕನ ಅಕ್ಕನ ಪಾತ್ರ ಯಾಕೆ ಬರಲ್ಲ? ಅವರಾಗಿ ನಟಿಸುವ ಸ್ವಾತಂತ್ರ್ಯ ನಮಗಿದೆ, ನಾವಾಗಿ ನಟಿಸುವ ಸ್ವಾತಂತ್ರ್ಯ ಅವರಿಗಿಲ್ಲ. ದಾರಿ ಒಂದೇ ಕಡೆಗೆ ಹೋಗೋದಾದರೆ ಅದನ್ನು ಕಲೆಯ ಸ್ವಾತಂತ್ರ್ಯ ಅಂತ ಕರೆಯಬೇಡಿ.

‘ಆ ಪ್ರಶಸ್ತಿ ಬರದಿದ್ದರೆ ಈ ಚಿತ್ರವನ್ನು ಯಾರು ನೋಡ್ತಿದ್ದರು?’ ನಿಜ. ಇದು ಗಟ್ಟಿ ಮಾತು. ನಾನೂ ಚಿತ್ರ ನೋಡಿದ್ದು ಪ್ರಶಸ್ತಿಯ ಸುದ್ದಿ ಓದಿಯೇ, ಅದೂ ಬಹಳ ತಡವಾಗಿ, ಮನೆಯಲ್ಲಿ ಲ್ಯಾಪ್‌ಟಾಪಿನ ಮೇಲೆ. ಆದರೆ ಪ್ರಶಸ್ತಿಯಿಂದ ಬಂದ ಬೆಳಕು ಎಲ್ಲಿ ಬಿತ್ತು ಅಂತಲೂ ಕೇಳಬೇಕಲ್ಲ. ಚಿತ್ರ ಬಿಡುಗಡೆಯಾದ ಸೆಪ್ಟೆಂಬರಿನಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ 36ಎ ಅಂತ ಒಂದು ಕಲಮು ಇತ್ತು. 2011ರಲ್ಲಿ ಸೇರಿಸಿದ್ದು. ‘ಯೂನಕ್’ ಅನ್ನುವ ಹಳೇ ಶಬ್ದ ಬಳಸಿ, ಅವರಲ್ಲಿ ಅನುಮಾನ ಇರುವವರ ಹೆಸರು, ವಿಳಾಸಗಳ ರಿಜಿಸ್ಟರ್ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು. ಅದರ ವಿರುದ್ಧ ಈ ಸಮುದಾಯದವರೇ ಹೈಕೋರ್ಟಿಗೆ ಹೋಗಬೇಕಾಯ್ತು. ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು, ನಾಲ್ಸಾ ಪ್ರಕರಣದಲ್ಲಿ, ತನ್ನ ಲಿಂಗ ಯಾವುದು ಅಂತ ಹೇಳುವ ಹಕ್ಕು ಆಯಾ ವ್ಯಕ್ತಿಗೇ ಸೇರಿದ್ದು ಅಂತ ತೀರ್ಪು ಕೊಟ್ಟಾಗಿತ್ತು. ಅಂದರೆ ‘ನಾನು ಅವನಲ್ಲ ಅವಳು’ ಅನ್ನುವ ವಾಕ್ಯ ಆಗಲೇ ದೇಶದ ಕಾನೂನು. ಕೋರ್ಟು ಒಪ್ಪಿದ ಈ ವಾಕ್ಯವನ್ನು ಸಿನಿಮಾ ಪುರವಣಿ ಒಪ್ಪಲಿಲ್ಲ. ಅದು ‘ಅವನು ಅವಳಾದ ಕಥೆ’ ಅಂತಲೇ ಬರೆಯಿತು. ಚಿತ್ರದ ನೆಪದಲ್ಲಿ ಯಾರಾದರೂ ಆ 36ಎ ಬಗ್ಗೆ ಒಂದು ಸಾಲು ಬರೆದಿದ್ದರೆ ಪ್ರಶಸ್ತಿಯ ಬೆಳಕು ಸಾರ್ಥಕ ಆಗ್ತಿತ್ತು.

‘ಜ್ಯೂರಿ ಏನು ಮಾಡುತ್ತೆ ಪಾಪ, ಇರುವ ವಿಭಾಗಗಳಲ್ಲಿ ಕೊಡಬೇಕು.’ ಇದೂ ಪೂರ್ತಿ ಸರಿ ಅಲ್ಲ. ಚಿತ್ರವನ್ನೇ ಗುರುತಿಸಬೇಕು ಅನ್ನಿಸಿದರೆ ಜ್ಯೂರಿಯ ವಿಶೇಷ ಪ್ರಶಸ್ತಿ ಅನ್ನೋದಿದೆ. ಮೂರೇ ವರ್ಷಕ್ಕೆ ‘ನಗರಕೀರ್ತನ್’ಗೆ ಅದನ್ನು ಕೊಟ್ಟರಲ್ಲ! ಮನಸ್ಸಿದ್ದರೆ ದಾರಿ ಇರುತ್ತೆ. ಇನ್ನು ಕಾರಂತರಿಗೆ 1975ರಲ್ಲಿ ಸಿಕ್ಕಂಥ ಅತ್ಯುತ್ತಮ ಕಥೆಯ ಪ್ರಶಸ್ತಿ 2014ರ ಪಟ್ಟಿಯಲ್ಲಿ ಇರಲಿಲ್ಲ. ಅಳವಡಿಸಿದ ಚಿತ್ರಕಥೆಗೆ ಇತ್ತು, ಅದು ಹೋಗೋದು ಚಿತ್ರಕಥೆ ಬರೆದವರಿಗೆ. ಹಾಗಾಗಿ ಯಾರ ಬದುಕನ್ನು ನಾವು ಎರಡು ತಾಸು ನೋಡಿದೆವೋ ಅವರನ್ನು ವೇದಿಕೆಗೆ ಕರೆಯಲು ಒಂದು ಕುರ್ಚಿಯೇ ಇಲ್ಲ. ಆ ಕುರ್ಚಿ ತನ್ನಿ ಅಂತ ಕೇಳೋದರಲ್ಲಿ ತಪ್ಪೇನು?

ಕೇರಳ ಒಂದು ಹೆಜ್ಜೆ ಇಟ್ಟಿದೆ. ‘ಅಂತರಂ’ ಚಿತ್ರದ ಅಭಿನಯಕ್ಕೆ ನೇಘಾ ಅನ್ನುವ ಟ್ರಾನ್ಸ್ ನಟಿಗೆ 2021ರ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿ ಕೊಟ್ಟರು. ಅದು ಮಹಿಳೆಯರು ಮತ್ತು ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಅಂತ ಮಾಡಿದ ಪ್ರತ್ಯೇಕ ವಿಭಾಗ. ಅತ್ಯುತ್ತಮ ನಟಿ ಅಂತ ಅಲ್ಲ. ಬಾಗಿಲು ತೆರೆದಿದ್ದಾರೆ, ಆದರೆ ಹಿತ್ತಲ ಬಾಗಿಲು. ಪರವಾಗಿಲ್ಲ, ನಮ್ಮಲ್ಲಿ ಅದೂ ಇಲ್ಲ.

*

ಇಷ್ಟೆಲ್ಲ ಹಳೇ ಮಾತು ಈಗ ಯಾಕೆ ಅಂತೀರಾ? ಮುಂದೆ ಬರುವ ಚಿತ್ರಗಳಿಗೋಸ್ಕರ.

ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ನಿಮಗೆಲ್ಲ ಗೊತ್ತು. ಜೋಗತಿ ನೃತ್ಯ ಕಲಿತು, ಕುಣಿದು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿ ಭವನದಲ್ಲಿ ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ಇಡೀ ದೇಶ ನೋಡಿತು. ಅಲ್ಲಿ ಅವರ ಬದಲಿಗೆ ಬೇರೆ ಯಾರೂ ಹೋಗಿ ಪದಕ ತರಲಿಲ್ಲ, ಅವರೇ ಹೋದರು. ಅವರ ಆತ್ಮಕಥೆ ‘ನಡುವೆ ಸುಳಿವ ಹೆಣ್ಣು’ ಪುಸ್ತಕವಾಗಿದೆ, ನಿರೂಪಿಸಿದವರು ಅರುಣ್ ಜೋಳದಕೂಡ್ಲಿಗಿ. ಎ. ರೇವತಿಯವರ ‘ಬದುಕು ಬಯಲು’ ಕನ್ನಡಕ್ಕೆ ಬಂದಿದೆ, ತಂದವರು ದು. ಸರಸ್ವತಿ. ಅಕ್ಕಯ್ ಪದ್ಮಶಾಲಿಯವರೂ ತಮ್ಮ ಕಥೆ ಬರೆದಿದ್ದಾರೆ. ಒಂದಲ್ಲ ಒಂದು ದಿನ ಇವುಗಳಲ್ಲಿ ಯಾವುದನ್ನಾದರೂ ಯಾರಾದರೂ ಸಿನಿಮಾ ಮಾಡೇ ಮಾಡ್ತಾರೆ. ಮಾಡಲಿ.

ಆಗ ಯಾರು ನಟಿಸ್ತಾರೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಪ್ರಶಸ್ತಿ ಯಾರಿಗೆ ಕೊಡ್ತಾರೆ ಅನ್ನೋದೂ ಇಲ್ಲ. ಆದರೆ ಏನು ಬರೀತೀವಿ ಅನ್ನೋದು ನಮ್ಮ ಕೈಯಲ್ಲೇ ಇದೆ. ಕನ್ನಡದಲ್ಲಿ ಬ್ಲಾಗು ಬರೆಯುವ ನಮಗೆ ಸಂಪಾದಕರಿಲ್ಲ, ಜಾಹೀರಾತಿಲ್ಲ, ನಿರ್ಮಾಪಕರ ಪ್ರೆಸ್ ಮೀಟಿನ ಊಟವೂ ಇಲ್ಲ. ಹಾಗಿದ್ದ ಮೇಲೆ ಪೇಪರಿನವರ ಮಾತನ್ನೇ ತಿರುಗಿ ಬರೆಯೋ ಕರ್ಮ ನಮಗೇಕೆ? ಮೊದಲು ಪುಸ್ತಕ ಓದೋಣ. ಪುಸ್ತಕದ್ದು ಏನು ಉಳಿಯಿತು, ಏನು ಹೋಯಿತು ಅಂತ ಬರೆಯೋಣ. ಬರೆದವರು ಬದುಕಿದ್ದರೆ, ಚಿತ್ರದ ಬಗ್ಗೆ ಅವರೇನು ಅಂದರು ಅಂತ ಹುಡುಕೋಣ. ಸೀರೆ, ಕುಂಕುಮ, ನಡಿಗೆಯ ವರ್ಣನೆಗೆ ಒಂದೇ ಸಾಲು ಸಾಕು. ‘ಅವನು’ ಅಂತ ಬರೆಯಲು ಬೆರಳು ಹೋದಾಗ ಪುಸ್ತಕದ ಹೆಸರು ನೆನಪು ಮಾಡಿಕೊಳ್ಳೋಣ.

ನಮ್ಮೂರು ನೇಕಾರರ ಊರು. ಸೀರೆ ತಗೊಳ್ಳೋಕೆ ಬಂದವರು ಅಂಚು, ಸೆರಗು ಅಷ್ಟೇ ನೋಡಿ ಭೇಷ್ ಅಂದರೆ ನೇಯ್ದವನಿಗೆ ಒಳಗೊಳಗೇ ಬೇಜಾರಾಗುತ್ತೆ. ಒಡಲು ಮುಟ್ಟಿ ನೋಡ್ರೀ, ದಿನಗಟ್ಟಲೆ ಕೂತಿದ್ದು ಅಲ್ಲಿ ಅಂತಾನೆ. ಈ ಚಿತ್ರದಲ್ಲಿ ನಾವು ಒಡಲು ಮುಟ್ಟಲೇ ಇಲ್ಲ.

ಕಾಮೆಂಟಿನಲ್ಲಿ ಜಗಳಕ್ಕೆ ಸ್ವಾಗತ, ಬೈಗುಳಕ್ಕೂ ಸ್ವಾಗತ. ಒಂದೇ ಒಂದು ಕೋರಿಕೆ. ಸಿನಿಮಾ ನೋಡಿ ಬಂದರೆ ಸಾಲದು, ಪುಸ್ತಕ ಓದಿ ಬನ್ನಿ.